ಬಿಎಸ್ಸಿ ಮಾಡ್ಲಾ, ಚಿಕ್ಕಮ್ಮ?

ಈ ಏಪ್ರಿಲ್‌ನಲ್ಲಿ ಸೆಕೆಂಡ್ ಪಿಯು ರಿಸಲ್ಟ್ ಬಂದ ಸಂಜೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಕೆಮಿಸ್ಟ್ರಿಯಲ್ಲಿ 97, ಫಿಸಿಕ್ಸ್‌ನಲ್ಲಿ 95. ಸಂತೋಷದ ಮಾತೆಲ್ಲ ಮುಗಿದ ಮೇಲೆ ಆ ಕಡೆಯಿಂದ ಬಾಗಿಲು ಮುಂದೆ ಮಾಡಿದ ಸದ್ದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ, "ಬಿಎಸ್ಸಿ ಮಾಡ್ಲಾ, ಚಿಕ್ಕಮ್ಮ?" ಎಂದಳು. ಮನೆಯಲ್ಲಿ ಆಗಲೇ ಕಂಪ್ಯೂಟರ್ ಸೈನ್ಸ್ ಸೀಟಿನ ಲೆಕ್ಕಾಚಾರ ಶುರುವಾಗಿತ್ತು. ಭಾವನ ಸ್ನೇಹಿತರೊಬ್ಬರು ಬಂದು ಕೂತು ಯಾವ ಕಾಲೇಜಿನಲ್ಲಿ ಎಷ್ಟು ರ‍್ಯಾಂಕಿಗೆ ಏನು ಸಿಗುತ್ತದೆ ಎಂದು ವಿವರಿಸುತ್ತಿದ್ದರಂತೆ. ಆ ಗದ್ದಲದ ನಡುವೆ ಹುಡುಗಿ ತನಗೆ ಇಷ್ಟವಾದದ್ದನ್ನು ಓದಲೇ ಎಂದು ಒಳಕೋಣೆಯಿಂದ ಪಿಸುಗುಟ್ಟಿ ಕೇಳಬೇಕಾಯಿತು. ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ನಾನು ಕೊಟ್ಟ ಉತ್ತರ. "ನೋಡೋಣ ಪುಟ್ಟಾ, ಯೋಚನೆ ಮಾಡೋಣ" ಅಂದೆ. 17 ವರ್ಷ ಕೆಮಿಸ್ಟ್ರಿಯ ಅನ್ನ ತಿಂದವಳ ಬಾಯಲ್ಲಿ ಬಂದದ್ದು ಇಷ್ಟೇ.

ಆ ರಾತ್ರಿ ನಿದ್ದೆ ಬರಲಿಲ್ಲ. "ಮಾಡು" ಎನ್ನಲು ಏಕೆ ಹಿಂಜರಿದೆ? ಕೆಲಸ ಸಿಗುವುದಿಲ್ಲ ಎಂಬ ಭಯವೇ? ಅದು ನಿಜವಲ್ಲ ಎಂದು ನನಗೆ ಗೊತ್ತು. ಔಷಧ ಕಂಪನಿಯ ಲ್ಯಾಬಿನಲ್ಲಿ ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರನ್ನು ಸಂದರ್ಶನ ಮಾಡುವವರಲ್ಲಿ ನಾನೂ ಒಬ್ಬಳು. ಹಿಂಜರಿಕೆಯ ಬೇರು ಬೇರೆ ಕಡೆ ಇತ್ತು. ನಮ್ಮ ಜಿಲ್ಲೆಯ ತಾಲ್ಲೂಕು ಕಾಲೇಜುಗಳಿಂದ ಬಂದ ಎಷ್ಟೋ ಜಾಣ ಮಕ್ಕಳು ಈ ದಾರಿಯಲ್ಲಿ ನಡೆಯುತ್ತ ನಡೆಯುತ್ತ ಎಲ್ಲೋ ಒಂದು ಕಡೆ ನಿಂತುಬಿಡುವುದನ್ನು ನೋಡಿದ್ದೇನೆ. ಬುದ್ಧಿ ಸಾಲದೆ ನಿಂತವರು ಕಡಿಮೆ. ದಾರಿ ಕವಲೊಡೆಯುವ ಜಾಗ ಬಂದಾಗ, ಇದೇ ಕವಲು ಎಂದು ಹೇಳುವವರಿಲ್ಲದೆ ನಿಂತವರೇ ಹೆಚ್ಚು. ನಾವೆಲ್ಲ ಪಿಯು ರಿಸಲ್ಟ್ ಬಂದ ದಿನವನ್ನೇ ದೊಡ್ಡ ಕವಲು ಎಂದುಕೊಂಡು ಅಲ್ಲೇ ತಲೆ ಕೆಡಿಸಿಕೊಳ್ಳುತ್ತೇವೆ. ಫಿಸಿಕ್ಸ್ ಕೆಮಿಸ್ಟ್ರಿ ಓದುವವರ ನಿಜವಾದ ಕವಲು ಬರುವುದು ಅದಾದ ಎರಡು ಎರಡೂವರೆ ವರ್ಷಕ್ಕೆ. ಆಗ ಮನೆಗೆ ಯಾವ ಸ್ನೇಹಿತರೂ ಬಂದು ಕೂರುವುದಿಲ್ಲ.

ಮೂರು ಪಾಲಿನ ಡಿಗ್ರಿ

ನಾನು 2003ರಲ್ಲಿ ಪಿಸಿಎಂ ತೆಗೆದುಕೊಂಡು ಬಿಎಸ್ಸಿ ಸೇರಿದೆ. ಅಪ್ಪ ಅಡಿಕೆ ಮಂಡಿಯಲ್ಲಿ ರೈಟರ್. ಇಂಜಿನಿಯರಿಂಗ್ ಸೀಟು ಸಿಕ್ಕಿದರೂ ಬೆಂಗಳೂರಿನ ಹಾಸ್ಟೆಲ್ ಖರ್ಚು ನಮ್ಮಿಂದಾಗುತ್ತಿರಲಿಲ್ಲ, ಹಾಗಾಗಿ ಆ ಮಾತು ಮನೆಯಲ್ಲಿ ಬರಲೇ ಇಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರಕ್ಕೂ ಸಮ ಪಾಲು. ಪಕ್ಕದ ಕ್ಲಾಸಿನವರು ಸಿಬಿಝೆಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝುವಾಲಜಿ. ಡಿಗ್ರಿ ಎಂದರೆ ಇದೇ ಎಂದು ನಾವು ತಿಳಿದಿದ್ದೆವು. ಕೋಲ್ಕತ್ತಾದಲ್ಲೋ ದೆಹಲಿಯಲ್ಲೋ ನನ್ನ ವಯಸ್ಸಿನವಳು ಮೂರು ವರ್ಷವೂ ಮುಖ್ಯವಾಗಿ ಒಂದೇ ವಿಷಯವನ್ನು ಆನರ್ಸ್ ಎಂದು ಓದುತ್ತಾಳೆ, ಮುಂದೊಂದು ದಿನ ನಾವಿಬ್ಬರೂ ಒಂದೇ ಪ್ರಶ್ನೆಪತ್ರಿಕೆಯ ಎದುರು ಕೂರುತ್ತೇವೆ ಎಂಬುದು ಆಗ ಗೊತ್ತಿರಲಿಲ್ಲ. ಮೂರು ಪಾಲಿನ ಓದನ್ನು ನಾನು ಹಗುರವಾಗಿ ಕಾಣುವವಳಲ್ಲ. ಕೆಮಿಸ್ಟ್ರಿಯವಳಾದ ನನಗೆ ಡಿಫರೆನ್ಶಿಯಲ್ ಈಕ್ವೇಶನ್ ಕಂಡರೆ ಇವತ್ತಿಗೂ ಭಯವಿಲ್ಲ, ಅದು ಆ ಪಿಸಿಎಂ ಕೊಟ್ಟ ಕಾಣಿಕೆ. ಆದರೆ ಒಂದು ವಿಷಯದ ಆಳಕ್ಕೆ ಇಳಿಯಬೇಕಾದವರು ಉಳಿದ ಪಾಲನ್ನು ತಾವೇ ತುಂಬಿಕೊಳ್ಳಬೇಕು, ಕಾಲೇಜಿನ ಸಿಲೆಬಸ್ ಮುಗಿದ ಮಾತ್ರಕ್ಕೆ ತುಂಬುವುದಿಲ್ಲ. ಇದನ್ನು ಮೊದಲ ವರ್ಷದಲ್ಲೇ ಯಾರಾದರೂ ಹೇಳಿಕೊಡಬೇಕು.

ಇತ್ತೀಚಿನ ಗೊಂದಲವಂತೂ ಹೇಳತೀರದು. 2021ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, ಎರಡೇ ಮೇಜರ್ ಎಂದರು. 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದೆವು. ಈ ನಡುವೆ ಓದಿದ ಮಕ್ಕಳು ಸಂದರ್ಶನಕ್ಕೆ ಬಂದಾಗ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು, ತಾವು ಓದಿದ್ದು ಏನು ಎಂದು ವಿವರಿಸುವುದರಲ್ಲೇ ಐದು ನಿಮಿಷ ಕಳೆಯುತ್ತಾರೆ. ಅದು ಅವರ ತಪ್ಪಲ್ಲ. ಅಂಥವರು ಬಂದಾಗ ಮಾರ್ಕ್ಸ್ ಕಾರ್ಡನ್ನು ಪಕ್ಕಕ್ಕಿಟ್ಟು, ಕೈಗೆ ಒಂದು ಪಿಪೆಟ್ ಕೊಟ್ಟು, ಹತ್ತು ಎಂಎಲ್ ತೆಗೆದುಕೊಡಿ ಎಂದು ಕೇಳುವುದು ನನ್ನ ರೂಢಿ. ಬೆರಳು ಎಲ್ಲಿಡುತ್ತಾರೆ, ಗೀಟನ್ನು ಕಣ್ಣಿನ ಮಟ್ಟಕ್ಕೆ ತರುತ್ತಾರೋ ಇಲ್ಲವೋ, ಕೊನೆಯ ಹನಿಯನ್ನು ಊದಿಬಿಡುತ್ತಾರೋ, ಗೋಡೆಗೆ ತಾಗಿಸಿ ಬಿಡುತ್ತಾರೋ. ಮೂರು ವರ್ಷ ಹೇಗೆ ಕಳೆದವು ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಹಳದಿ ಎಣ್ಣೆ

ಬಿಎಸ್ಸಿ ಕೊನೆಯ ವರ್ಷದ ಆರ್ಗ್ಯಾನಿಕ್ ಪ್ರಾಕ್ಟಿಕಲ್ ನನಗೆ ನಿನ್ನೆ ಮೊನ್ನೆಯದೆಂಬಂತೆ ನೆನಪಿದೆ. ನಮ್ಮ ಲ್ಯಾಬು ಕಾಲೇಜಿನ ಹಿಂಭಾಗದಲ್ಲಿತ್ತು, ಕಿಟಕಿಯಾಚೆ ಒಂದು ದೊಡ್ಡ ಹಲಸಿನ ಮರ. ಅನಿಲ ತಯಾರಿಸುವ ಕಿಪ್ಸ್ ಅಪಾರೇಟಸ್‌ನ ಕೊಳೆತ ಮೊಟ್ಟೆಯ ವಾಸನೆ ಗೋಡೆಗೇ ಹಿಡಿದುಹೋಗಿತ್ತು. ಅಂದು ಅಮೈನ್‌ಗಳ, ಅಂದರೆ ಅಮೋನಿಯಾದ ಬಳಗದ ಸಂಯುಕ್ತಗಳ ಸರದಿ, ಕೊಟ್ಟದ್ದು ಪ್ರೈಮರಿಯೋ ಸೆಕೆಂಡರಿಯೋ ಎಂದು ಗುರುತಿಸಬೇಕು. ಕೊಟ್ಟ ದ್ರವವನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಬೇಕು, ಪ್ರನಾಳವನ್ನು ಮಂಜುಗಡ್ಡೆಯಲ್ಲಿ ಐದು ಡಿಗ್ರಿಗಿಂತ ಕೆಳಗೆ ತಣ್ಣಗಿಟ್ಟು ಸೋಡಿಯಂ ನೈಟ್ರೈಟ್ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಅನಿಲೀನ್‌ನಂಥ ಪ್ರೈಮರಿ ಅಮೈನ್ ಆಗಿದ್ದರೆ, ಆ ದ್ರಾವಣವನ್ನು ಬೀಟಾ ನ್ಯಾಫ್ತಾಲ್‌ಗೆ ಸುರಿದಾಗ ಕಣ್ಣು ಕೋರೈಸುವ ಕಿತ್ತಳೆಗೆಂಪು. ಸೆಕೆಂಡರಿ ಅಮೈನ್ ಆಗಿದ್ದರೆ ಬಣ್ಣವಿಲ್ಲ, ಹಳದಿ ಎಣ್ಣೆಯ ಹನಿಗಳು ಬೇರೆಯಾಗಿ ನಿಲ್ಲುತ್ತವೆ. ನನಗೆ ಸಿಕ್ಕಿದ್ದು ಎನ್ ಮೀಥೈಲ್ ಅನಿಲೀನ್, ಅದು ಸೆಕೆಂಡರಿ. ಗೆಳತಿಯರ ಪ್ರನಾಳಗಳೆಲ್ಲ ಕುಂಕುಮದಂತೆ ಕೆಂಪಗಿದ್ದವು, ನನ್ನದು ಮಾತ್ರ ಹರಳೆಣ್ಣೆಯಂತೆ. ತಪ್ಪಾಯಿತು ಎಂದುಕೊಂಡು ಚೆಲ್ಲಲು ಸಿಂಕಿನ ಹತ್ತಿರ ಹೋದೆ. ಲ್ಯಾಬ್ ಅಟೆಂಡರ್ ನನ್ನ ಕೈ ಹಿಡಿದು ನಿಲ್ಲಿಸಿದರು. ಓದಿದ್ದು ಏಳನೇ ಕ್ಲಾಸು, ಆ ಲ್ಯಾಬಿನಲ್ಲಿ ಇಪ್ಪತ್ತು ವರ್ಷ. "ಅದೇ ಸರಿಯಮ್ಮ, ಚೆಲ್ಲಬೇಡ. ಬೆಳಕಿಗೆ ಹಿಡಿದು ನೋಡು" ಎಂದರು. ಹಿಡಿದೆ. ನೀರಿನಂಥ ದ್ರವದ ತಳದಲ್ಲಿ ಹಳದಿ ಗುಂಡುಗಳು ಒಂದಕ್ಕೊಂದು ಸೇರಿಕೊಳ್ಳುತ್ತಿದ್ದವು. ರೆಕಾರ್ಡ್ ಬುಕ್ಕಿನಲ್ಲಿ ಬರೆದೆ: ಹಳದಿ ಎಣ್ಣೆಯುಕ್ತ ದ್ರವ, ನೈಟ್ರೋಸಮೈನ್, ಸೆಕೆಂಡರಿ ಅಮೈನ್ ಖಚಿತ. ಸಹಿ ಬಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

2018ರ ಜುಲೈನಲ್ಲಿ ಅದು ಮತ್ತೆ ಬಂತು. ರಕ್ತದೊತ್ತಡಕ್ಕೆ ಕೊಡುವ ವಾಲ್‌ಸಾರ್ಟಾನ್ ಮಾತ್ರೆಗಳನ್ನು ಹಲವು ದೇಶಗಳು ಅಂಗಡಿಗಳಿಂದ ಹಿಂದಕ್ಕೆ ಕರೆಸಿಕೊಂಡವು. ಒಳಗೆ ಎನ್‌ಡಿಎಂಎ ಸಿಕ್ಕಿತ್ತು, ಅದು ಕೂಡ ನೈಟ್ರೋಸಮೈನ್, ಹಳದಿ ಎಣ್ಣೆಯೇ, ಕ್ಯಾನ್ಸರ್ ತರಬಲ್ಲದು. ಹೇಗೆ ಬಂತು ಎಂದು ಓದಿದಾಗ ಮೈ ಜುಮ್ಮೆಂದಿತು. ಔಷಧದ ಅಣುವಿನಲ್ಲಿ ಒಂದು ಟೆಟ್ರಜೋಲ್ ಉಂಗುರವಿದೆ. ಅದನ್ನು ಕಟ್ಟಲು ಅಜೈಡ್ ಬಳಸುತ್ತಾರೆ. ಉಳಿದ ಅಜೈಡನ್ನು ನಾಶಮಾಡಲು ಆಮ್ಲದಲ್ಲಿ ಸೋಡಿಯಂ ನೈಟ್ರೈಟ್ ಹಾಕುತ್ತಾರೆ. ದ್ರಾವಕವಾಗಿದ್ದ ಡಿಎಂಎಫ್‌ನಿಂದ ಚೂರು ಡೈಮೀಥೈಲ್ ಅಮೈನ್ ಬಿಡುಗಡೆಯಾಗಿರುತ್ತದೆ. ಸೆಕೆಂಡರಿ ಅಮೈನ್, ಆಮ್ಲ, ನೈಟ್ರೈಟ್. ನಮ್ಮ ತಾಲ್ಲೂಕು ಕಾಲೇಜಿನ ಮಂಜುಗಡ್ಡೆಯ ಪ್ರನಾಳದಲ್ಲಿ ನಡೆದದ್ದೇ ಸಾವಿರಾರು ಲೀಟರಿನ ರಿಯಾಕ್ಟರಿನಲ್ಲಿ, ಯಾರೂ ಕರೆಯದೆ ನಡೆದಿತ್ತು. ಒಬ್ಬ ವ್ಯಕ್ತಿಯ ದೇಹಕ್ಕೆ ದಿನಕ್ಕೆ ಹೋಗಬಹುದಾದ ಎನ್‌ಡಿಎಂಎ ಮಿತಿಯನ್ನು 96 ನ್ಯಾನೋಗ್ರಾಂ ಎಂದು ಗೊತ್ತುಮಾಡಿದರು. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ದಿನಕ್ಕೆ 320 ಮಿಲಿಗ್ರಾಂ ವಾಲ್‌ಸಾರ್ಟಾನ್ ತಿನ್ನುವವರ ಲೆಕ್ಕ ಹಿಡಿದರೆ, ಹತ್ತು ಲಕ್ಷ ಪಾಲು ಔಷಧದಲ್ಲಿ 0.3 ಪಾಲು. ಕಣ್ಣಿಗೆ ಕಾಣುವ ಹಳದಿಯ ಮಾತೇ ಇಲ್ಲ, ಮಾಸ್ ಸ್ಪೆಕ್ಟ್ರೋಮೀಟರ್ ಇಟ್ಟುಕೊಂಡು ಹುಡುಕಬೇಕು. ಮರುವರ್ಷ ಅಸಿಡಿಟಿಯ ಮಾತ್ರೆ ರಾನಿಟಿಡಿನ್, ಅದರ ಮರುವರ್ಷ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್. ನನ್ನಂಥವರು ಆ ಮೂರು ವರ್ಷ ಬೇರೆ ಕೆಲಸವನ್ನೇ ಮಾಡಲಿಲ್ಲ ಎನ್ನಬಹುದು. ಒಂದೊಂದು ಔಷಧದ ತಯಾರಿಕೆಯ ಹಾದಿಯನ್ನೂ ಬಿಡಿಸಿ ಕೂತು, ಎಲ್ಲಿ ಸೆಕೆಂಡರಿ ಅಮೈನ್ ಇದೆ, ಎಲ್ಲಿ ನೈಟ್ರೈಟ್ ನುಸುಳಬಹುದು ಎಂದು ಹುಡುಕುವುದು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. "ಕೆಮಿಸ್ಟ್ರಿ ಓದಿ ಏನು ಕೆಲಸ" ಎಂದು ಕೇಳುವವರಿಗೆ ನಾವು ಹುದ್ದೆಗಳ ಹೆಸರು ಹೇಳುತ್ತೇವೆ. ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಕೆಮಿಸ್ಟ್, ಸಿಂತಸಿಸ್, ಫೊರೆನ್ಸಿಕ್ ಲ್ಯಾಬು, ನೀರು ಪರೀಕ್ಷೆ, ಬಣ್ಣ, ಪಾಲಿಮರ್, ಸಿಮೆಂಟು. ಹೆಸರುಗಳು ಸುಳ್ಳಲ್ಲ. ಆದರೆ ಒಳಗೆ ನಡೆಯುವ ಕೆಲಸ ಒಂದೇ: ಇದರಲ್ಲಿ ಏನಿದೆ, ಎಷ್ಟಿದೆ, ಎಲ್ಲಿಂದ ಬಂತು. ಬಿಎಸ್ಸಿ ಮುಗಿಸಿದವಳಿಗೂ ಬಾಗಿಲು ತೆರೆಯುತ್ತದೆ. ಜಿಗಣಿ, ಬೊಮ್ಮಸಂದ್ರ, ನಂಜನಗೂಡು, ಬೀದರ್, ಮಂಗಳೂರಿನ ಬೈಕಂಪಾಡಿ ಕಡೆಯ ಕಾರ್ಖಾನೆಗಳಲ್ಲಿ ಮೂರು ಶಿಫ್ಟಿನಲ್ಲಿ ಔಷಧದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ನಿಲ್ಲುವವರಲ್ಲಿ ಬಿಎಸ್ಸಿಯವರು ಬಹಳ ಮಂದಿ. ಆದರೆ ಅಲ್ಲಿ ಕೆಲ ವರ್ಷ ಕಳೆದ ಮೇಲೆ ತಲೆ ಸೂರಿಗೆ ತಗಲುತ್ತದೆ, ಅಲ್ಲಿಂದ ಮೇಲೆ ಹೋಗಲಾಗುವುದಿಲ್ಲ. ಬರೆದುಕೊಟ್ಟ ಪದ್ಧತಿಯಂತೆ ಪರೀಕ್ಷೆ ಮಾಡುವವರು ಒಬ್ಬರು, ಆ ಪದ್ಧತಿಯನ್ನೇ ಬರೆಯುವವರು ಇನ್ನೊಬ್ಬರು. ಎರಡನೆಯ ಕುರ್ಚಿಗೆ ಎಂಎಸ್ಸಿ ಬೇಕು, ಹೊಸ ಅಣು ಕಟ್ಟುವ ತಂಡವನ್ನು ನಡೆಸಲು ಬಹುಮಟ್ಟಿಗೆ ಪಿಎಚ್‌ಡಿ ಬೇಕು. ನಾನು 2008ರಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮುಗಿಸಿ ಟ್ರೈನಿಯಾಗಿ ಸೇರಿದಾಗ ತಿಂಗಳಿಗೆ 7,500 ರೂಪಾಯಿ. ಹುಡುಗಿಯರನ್ನು ಪ್ಲಾಂಟಿಗೆ ಹಾಕುವುದಿಲ್ಲ ಎಂದು ಇನ್ನೊಂದು ಕಂಪನಿಯವರು ಮುಖಕ್ಕೇ ಹೇಳಿದ್ದರು, ಮದುವೆ ಯಾವಾಗ ಎಂದೂ ಕೇಳಿದ್ದರು. ಆ ಮಾತಿನ ನೋವು ಈಗಲೂ ಇದೆ. ಅಕ್ಕನ ಮಗಳಿಗೆ ಅದನ್ನೂ ಹೇಳಬೇಕು.

ಸುರುಳಿ ಬಿಚ್ಚದ ಪೋಸ್ಟರ್

ನಮ್ಮ ಕಾಲೇಜಿನಲ್ಲಿ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ತಪ್ಪದೆ ಒಂದು ಭಾಷಣ ಇರುತ್ತಿತ್ತು. ಸಿ.ಎನ್.ಆರ್. ರಾವ್ ನಮ್ಮವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ನಿಮ್ಮ ಹಾಗೆಯೇ ಬಿಎಸ್ಸಿ ಓದಿದವರು ಎಂದು ಹೇಳಿ ಚಪ್ಪಾಳೆ ತಟ್ಟಿಸುತ್ತಿದ್ದರು. ಮೈಯಲ್ಲಿ ಹುಮ್ಮಸ್ಸು ಬರುತ್ತಿತ್ತು. ಅವರು 1951ರಲ್ಲಿ ಬಿಎಸ್ಸಿ ಮುಗಿಸಿದ ಮೇಲೆ ಎಂಎಸ್ಸಿಗೆ ಬನಾರಸ್‌ಗೆ ಹೋದರು, ಅಲ್ಲಿಂದ ಅಮೆರಿಕದ ಪರ್ಡ್ಯೂಗೆ. ಬನಾರಸ್‌ಗೆ ಹೋಗಬೇಕೆಂದು ಹದಿನೇಳು ವರ್ಷದ ಹುಡುಗನಿಗೆ ಹೇಗೆ ಗೊತ್ತಾಯಿತು, ಅರ್ಜಿ ಎಲ್ಲಿಂದ ತರಿಸಿದರು, ಮನೆಯವರು ಏನಂದರು ಎಂಬ ಭಾಗವನ್ನು ಯಾವ ಭಾಷಣವೂ ಹೇಳಲಿಲ್ಲ. ನಮಗೆ ಬೇಕಾಗಿದ್ದದ್ದು ಆ ಭಾಗ.

2006ರ ಜೂನ್‌ನಲ್ಲಿ ಟಿಸಿ ತರಲು ಕಾಲೇಜಿಗೆ ಹೋಗಿದ್ದೆ. ಗುಮಾಸ್ತರು ಕಪಾಟಿನ ಮೇಲಿಂದ ರಿಜಿಸ್ಟರ್ ಇಳಿಸುವಾಗ ಸುರುಳಿ ಸುತ್ತಿದ್ದ ಒಂದು ದಪ್ಪ ಕಾಗದ ಉರುಳಿ ಬಿತ್ತು. ರಬ್ಬರ್ ಬ್ಯಾಂಡ್ ಹಾಗೇ ಇತ್ತು. ಎತ್ತಿಕೊಡುವಾಗ ಬಿಚ್ಚಿ ನೋಡಿದೆ. ಐಐಟಿಗಳಲ್ಲಿ ಎಂಎಸ್ಸಿ ಸೇರಲು ಜ್ಯಾಮ್ ಪರೀಕ್ಷೆ, ಬಿಎಸ್ಸಿ ಕೊನೆಯ ವರ್ಷದವರು ಅರ್ಜಿ ಹಾಕಬಹುದು. ಕೊನೆಯ ದಿನಾಂಕ ಮುಗಿದು ತಿಂಗಳುಗಳೇ ಆಗಿದ್ದವು. ಐಐಟಿಯಲ್ಲಿ ಎಂಎಸ್ಸಿ ಇದೆ ಎಂಬ ಸಂಗತಿಯೇ ನನಗೆ ಆ ಕ್ಷಣದವರೆಗೆ ತಿಳಿದಿರಲಿಲ್ಲ. ಬರೆದಿದ್ದರೆ ಸಿಗುತ್ತಿತ್ತೋ ಇಲ್ಲವೋ, ಆ ಮಾತು ಬೇರೆ. ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮೇಜಿನ ಮೇಲೆ ಅಂಥ ಎಷ್ಟೋ ಕಾಗದ ಬಂದು ಬೀಳುತ್ತಿದ್ದವು. ಆದರೆ ಆ ಕಾಗದವನ್ನು ಬೋರ್ಡಿಗೆ ಅಂಟಿಸಲು ನಾಲ್ಕು ಪಿನ್ ಸಾಕಿತ್ತು. ಇಪ್ಪತ್ತು ವರ್ಷ ಹತ್ತಿರವಾಯಿತು, ಆ ನಾಲ್ಕು ಪಿನ್ನುಗಳನ್ನು ನಾನು ಮರೆತಿಲ್ಲ.

ಹಾಗಾಗಿ ಅಕ್ಕನ ಮಗಳಿಗೆ ಮೊದಲು ಕೊಟ್ಟದ್ದು ಒಂದು ಕ್ಯಾಲೆಂಡರ್. ಅವಳು ಫೋನ್ ಮಾಡಿದ ಹೊತ್ತಿಗೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಐಎಟಿ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಲು ಕೆಲವೇ ದಿನ ಉಳಿದಿತ್ತು. ಮರುದಿನವೇ ಹಾಕಿಸಿದೆ. ಐಸರ್‌ಗಳು ಶುರುವಾದದ್ದು 2006ರಲ್ಲಿ, ಪುಣೆ ಮತ್ತು ಕೋಲ್ಕತ್ತಾದಲ್ಲಿ, ನಾನು ಆ ಪೋಸ್ಟರ್ ಹಿಡಿದು ನಿಂತ ವರ್ಷವೇ. ಈಗ ಏಳಿವೆ, ತಿರುಪತಿಯದು ನಮಗೆ ಹತ್ತಿರ. ಬಿಎಸ್ ಎಂಎಸ್ ಎರಡೂ ಸೇರಿ ಐದು ವರ್ಷ. ಪರೀಕ್ಷೆಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ನಾಲ್ಕರಿಂದಲೂ ಹದಿನೈದು ಹದಿನೈದು ಪ್ರಶ್ನೆ. ಪಿಸಿಎಂಸಿ ಓದಿದ ನಮ್ಮ ಹುಡುಗಿ ಬಯಾಲಜಿ ಬಿಟ್ಟು ಎರಡು ವರ್ಷವಾಗಿತ್ತು, ಹಳೆಯ ಹತ್ತನೇ ಕ್ಲಾಸಿನ ಪುಸ್ತಕ ಹುಡುಕಿ ತೆಗೆದಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಪದವಿ 2011ರಿಂದ ಇದೆ. ಭುವನೇಶ್ವರದ ಇಂಥದೇ ಸಂಸ್ಥೆ ನೈಸರ್‌ಗೆ ನೆಸ್ಟ್ ಎಂಬ ಬೇರೆ ಪರೀಕ್ಷೆ. ಕಲಿಸುವುದರಲ್ಲಿ ಮನಸ್ಸಿರುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, 1963ರಿಂದ. ಡಿಗ್ರಿ ಮತ್ತು ಬಿಎಡ್ ಎರಡನ್ನೂ ಒಟ್ಟಿಗೆ ನಾಲ್ಕು ವರ್ಷದಲ್ಲಿ ಮುಗಿಸುವ ಪದ್ಧತಿ ಅಲ್ಲಿ ಬಹಳ ಹಿಂದಿನದು, ಅಲ್ಲಿಂದ ಬಂದ ಮೇಷ್ಟ್ರುಗಳ ಕೈಯಲ್ಲಿ ಓದಿದವರು ಆ ವ್ಯತ್ಯಾಸವನ್ನು ಬಲ್ಲರು.

ಇವು ಯಾವುದೂ ಆಗದೆ ಊರಿನ ಕಾಲೇಜಿನಲ್ಲೇ ಬಿಎಸ್ಸಿ ಸೇರಿದರೆ? ಆಗ ಕ್ಯಾಲೆಂಡರ್ ಇನ್ನೂ ಮುಖ್ಯ. ಎರಡನೇ ವರ್ಷದ ನವೆಂಬರ್ ಸುಮಾರಿಗೆ ಬೆಂಗಳೂರಿನ ವಿಜ್ಞಾನ ಅಕಾಡೆಮಿ ಉಳಿದ ಎರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯ ರಿಸರ್ಚ್ ಫೆಲೋಶಿಪ್‌ಗೆ ಅರ್ಜಿ ಕರೆಯುತ್ತದೆ. ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೂತು ಬಂದವಳ ನಡೆಯೇ ಬದಲಾಗುತ್ತದೆ. ಜಕ್ಕೂರಿನಲ್ಲಿ ರಾವ್ ಅವರು ಕಟ್ಟಿದ ಜವಾಹರಲಾಲ್ ನೆಹರು ಕೇಂದ್ರದ್ದೂ ಇಂಥ ಫೆಲೋಶಿಪ್ ಇದೆ. ಕೊನೆಯ ವರ್ಷದ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಜ್ಯಾಮ್ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ, ಮೂರು ಗಂಟೆ, 100 ಅಂಕ. ಅದೇ ಅಂಕ ಹಿಡಿದು ಐಐಎಸ್‌ಸಿಯಲ್ಲಿ ಎಂಎಸ್ಸಿಯೂ ಸೇರಿರುವ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಹೋಗಬಹುದು, ಬಿಎಸ್ಸಿ ಮುಗಿಸಿದವರನ್ನೇ ನೇರವಾಗಿ ತೆಗೆದುಕೊಳ್ಳುತ್ತಾರೆ. ನಾನು ಹೇಳಿದ ಕವಲು ಇದೇ, ಐದನೇ ಸೆಮಿಸ್ಟರಿನ ಆ ಎರಡು ತಿಂಗಳು. ಎಂಎಸ್ಸಿ ನಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲೇ ಮಾಡಿದರೂ ನಷ್ಟವಿಲ್ಲ, ನಾನು ಮಾಡಿದ್ದೂ ಅಲ್ಲೇ, ಅಲ್ಲಿನ ಇಬ್ಬರು ಮೇಷ್ಟ್ರು ಇಲ್ಲದಿದ್ದರೆ ನಾನು ಇವತ್ತು ಇಲ್ಲಿರುತ್ತಿರಲಿಲ್ಲ. ಆಮೇಲೆ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್ ಬಂದರೆ ತಿಂಗಳಿಗೆ 37,000 ರೂಪಾಯಿ, 2023ರಿಂದ. ಪಿಎಚ್‌ಡಿ ಮಾಡುವವರು ಅಪ್ಪನ ಹತ್ತಿರ ಕೈ ಚಾಚಬೇಕಿಲ್ಲ ಎಂಬ ಈ ಒಂದು ಸಂಗತಿ ಎಷ್ಟು ಮನೆಗಳಲ್ಲಿ ಗೊತ್ತಿದೆ?

ಫಿಸಿಕ್ಸ್ ಎಂದು ಬೋರ್ಡು ಹಾಕದ ಬಾಗಿಲುಗಳು

ಕೆಮಿಸ್ಟ್ರಿಯವರಿಗೆ ಪೇಪರಿನ ಜಾಹೀರಾತಿನಲ್ಲಿ "ಕೆಮಿಸ್ಟ್ ಬೇಕಾಗಿದ್ದಾರೆ" ಎಂದು ಕಾಣುತ್ತದೆ. "ಫಿಸಿಸಿಸ್ಟ್ ಬೇಕಾಗಿದ್ದಾರೆ" ಎಂದು ನಾನು ಕಂಡದ್ದು ಬಹಳ ಅಪರೂಪ. ಫಿಸಿಕ್ಸ್ ಓದಿದವರ ಕೆಲಸಗಳೆಲ್ಲ ಬೇರೆ ಬೇರೆ ಹೆಸರು ಹೊತ್ತು ನಿಂತಿವೆ. ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಆಗಲು ಫಿಸಿಕ್ಸ್ ಓದಿದ ಬಿಎಸ್ಸಿಯವರು ಅರ್ಹರು. ಕೈಗಾದಂಥ ಅಣುಸ್ಥಾವರಗಳು ಡಿಪ್ಲೊಮಾದವರ ಜೊತೆ ಬಿಎಸ್ಸಿಯವರನ್ನೂ ಸ್ಟೈಪೆಂಡ್ ಕೊಟ್ಟು ತರಬೇತಿಗೆ ಕರೆಯುತ್ತವೆ. ಎಂಎಸ್ಸಿ ಆದವರಿಗೆ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ಒಂದು ವರ್ಷದ ತರಬೇತಿ ಶಾಲೆ, ಗೆದ್ದರೆ ಸೈಂಟಿಫಿಕ್ ಆಫೀಸರ್. ಖಗೋಳ ವಿಜ್ಞಾನದ ಕನಸಿದ್ದವರಿಗೆ ಬೆಂಗಳೂರಿನಲ್ಲೇ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಖಭೌತ ಸಂಸ್ಥೆ. ಬಾಗಿಲಿಗೆ ಬೋರ್ಡಿಲ್ಲದ್ದರಿಂದ ಎಂಎಸ್ಸಿ ಫಿಸಿಕ್ಸ್ ಮುಗಿಸಿದವರು ಕಾಣುವ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ, ಅದು ಕಾಲೇಜಿನದು. ನನ್ನ ಜೊತೆ ಓದಿದವರಲ್ಲಿ ಅತ್ಯಂತ ಚುರುಕಾದ ಹುಡುಗನೊಬ್ಬ ಇಂದಿಗೂ ಅತಿಥಿ ಉಪನ್ಯಾಸಕ. ವರ್ಷ ವರ್ಷ ಹೊಸದಾಗಿ ಕೌನ್ಸೆಲಿಂಗ್, ರಜೆಯ ತಿಂಗಳುಗಳಿಗೆ ಗೌರವಧನವಿಲ್ಲ, ನಲವತ್ತು ದಾಟಿದರೂ ಮುಂದಿನ ಜೂನ್‌ನಲ್ಲಿ ಎಲ್ಲಿರುತ್ತೇನೆ ಎಂದು ಹೇಳಲಾಗದು. ಅವನ ಕ್ಲಾಸು ಕೇಳಿದ ಮಕ್ಕಳು ಅವನನ್ನು ದೇವರಂತೆ ಕಾಣುತ್ತಾರೆ. ಒಬ್ಬ ಒಳ್ಳೆಯ ಮೇಷ್ಟ್ರನ್ನು ಇಷ್ಟು ವರ್ಷ ತಾತ್ಕಾಲಿಕವಾಗಿಯೇ ಇಟ್ಟಿರುವುದು ಅನ್ಯಾಯ. ಅದನ್ನು ಬೇರೆ ಯಾವ ಮೆದು ಶಬ್ದದಿಂದಲೂ ಕರೆಯಲು ನನಗೆ ಮನಸ್ಸಿಲ್ಲ.

ನನ್ನ ಇನ್ನೊಬ್ಬ ಸಹಪಾಠಿಯ ದಾರಿ ಬೇರೆಯಾಯಿತು. ಅವನೂ ಕಾಲೇಜಿನ ಬಾಗಿಲಿಗೇ ಹೋಗಿ ನಿಂತಿದ್ದ. ಅವನ ತಾಯಿಗೆ ಕ್ಯಾನ್ಸರ್ ಆಗಿ ರೇಡಿಯೇಶನ್ ಕೊಡಿಸುವಾಗ, ಡಾಕ್ಟರ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕಿರಣ ಯಾವ ಕೋನದಿಂದ ಎಷ್ಟು ಹೋಗಬೇಕೆಂದು ಲೆಕ್ಕ ಹಾಕುತ್ತಿದ್ದ ವ್ಯಕ್ತಿಯನ್ನು ನೋಡಿದ. ನೀವು ಡಾಕ್ಟರಾ ಎಂದು ಕೇಳಿದ. ಇಲ್ಲ, ಎಂಎಸ್ಸಿ ಫಿಸಿಕ್ಸ್ ಎಂದರಂತೆ. ಹೀಗೆ ತಿಳಿಯಿತು ಮೆಡಿಕಲ್ ಫಿಸಿಸಿಸ್ಟ್ ಎಂಬ ಕೆಲಸವೊಂದಿದೆ ಎಂದು. ಎಂಎಸ್ಸಿ ಆದ ಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ, ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ರೇಡಿಯೇಶನ್ ಯಂತ್ರವಿರುವ ಆಸ್ಪತ್ರೆ ಇಂಥವರಿಲ್ಲದೆ ಆ ಯಂತ್ರ ನಡೆಸುವಂತಿಲ್ಲ, ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮವೇ ಹಾಗಿದೆ. ತಾಯಿ ಉಳಿಯಲಿಲ್ಲ. ಅವನು ಆ ಕೆಲಸಕ್ಕೇ ಹೋದ. ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದಾನೆ.

ಅಕ್ಕನ ಮಗಳು ಮೇ ಕೊನೆಯಲ್ಲಿ ಪರೀಕ್ಷೆ ಬರೆದು ನಮ್ಮ ಮನೆಗೆ ಬಂದಿದ್ದಳು. ಒಂದು ಶನಿವಾರ ನನ್ನ ಲ್ಯಾಬು ನೋಡಿದಳು. ಭಾನುವಾರ ರೋಗಿಗಳಿಲ್ಲದ ಹೊತ್ತಿನಲ್ಲಿ ಗೆಳೆಯ ತನ್ನ ವಿಭಾಗಕ್ಕೆ ಕರೆದ. ನೆಲಮಾಳಿಗೆ, ಮೀಟರಿಗಿಂತ ದಪ್ಪದ ಕಾಂಕ್ರೀಟ್ ಗೋಡೆಗಳು, ನೇರ ದಾರಿಯಿಲ್ಲದೆ ತಿರುಗಿ ಒಳಹೋಗುವ ಹಾದಿ. ಕಿರಣಗಳು ತಿರುವಿನಲ್ಲಿ ಸೊರಗಿಹೋಗಲಿ ಎಂದು ಹಾಗೆ ಕಟ್ಟುತ್ತಾರಂತೆ. ಹೊರಗಿನ ಕೋಣೆಯಲ್ಲಿ ಮೇಜಿನ ಮೇಲೆ ಬೆರಳುದ್ದದ ಒಂದು ಅಯಾನ್ ಚೇಂಬರ್, ಒಳಗೆ 0.6 ಸಿಸಿ ಗಾಳಿ, ಅಷ್ಟೇ. ಕಿರಣ ಆ ಗಾಳಿಯಲ್ಲಿ ಎಬ್ಬಿಸುವ ಚಾರ್ಜನ್ನು ಅಳೆದು ಯಂತ್ರ ಎಷ್ಟು ಡೋಸ್ ಕೊಡುತ್ತಿದೆ ಎಂದು ತಿಳಿಯುತ್ತಾರೆ. ಗೋಡೆಯ ಮೇಲೆ ಬ್ಯಾರೋಮೀಟರ್, ಪಕ್ಕದಲ್ಲಿ ಥರ್ಮಾಮೀಟರ್. ಇವು ಇಲ್ಲಿ ಯಾಕೆ ಎಂದು ಹುಡುಗಿ ಕೇಳಿದಳು.

"ಚೇಂಬರ್‌ಗೆ ಸಣ್ಣ ತೂತಿದೆ, ಹೊರಗಿನ ಗಾಳಿಯೇ ಒಳಗೂ ಇರೋದು. ಇದನ್ನ ಅಳತೆಗೆ ಕೂರಿಸಿರೋದು ಇಪ್ಪತ್ತು ಡಿಗ್ರಿ, ಸಮುದ್ರಮಟ್ಟದ ಒತ್ತಡಕ್ಕೆ. ನಾವಿರೋದು ಒಂಬೈನೂರು ಮೀಟರ್ ಮೇಲೆ. ಏನಾಗತ್ತೆ ಹೇಳು" ಅಂದ.

ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು. "ಗಾಳಿ ತೆಳು. ಅಯಾನ್ ಕಡಿಮೆ. ಮೀಟರ್ ಕಡಿಮೆ ತೋರಿಸತ್ತೆ."

"ತಿದ್ದದೇ ಬಿಟ್ಟರೆ?"

"ಯಂತ್ರ ಕಡಿಮೆ ಕೊಡ್ತಿದೆ ಅಂದ್ಕೊಂಡು ಜಾಸ್ತಿ ಮಾಡ್ತೀವಿ." ಅಷ್ಟು ಹೇಳಿ ನಿಲ್ಲಿಸಿದಳು. ಜಾಸ್ತಿಯಾದದ್ದು ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೇ ಹೊಳೆದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎದುರು ಗೋಡೆಗೆ ಮಾರನೆಯ ದಿನದ ರೋಗಿಗಳ ಪಟ್ಟಿ ಅಂಟಿಸಿದ್ದರು.

ಗೆಳೆಯ ಒಂದು ಹಾಳೆ ಕೊಟ್ಟ. ಒತ್ತಡ ನೋಡಿ ಬಾ ಎಂದ. ಅವಳು ಬ್ಯಾರೋಮೀಟರಿನ ಮುಂದೆ ನಿಂತು, ಕಾಲ್ಬೆರಳ ಮೇಲೆ ಎದ್ದು, ಕಣ್ಣನ್ನು ಮುಳ್ಳಿನ ಮಟ್ಟಕ್ಕೆ ತಂದು ಓದಿದಳು. 912 ಹೆಕ್ಟೋಪಾಸ್ಕಲ್. ಉಷ್ಣತೆ 22.5. ಸೆಲ್ಸಿಯಸ್ಸನ್ನು ಕೆಲ್ವಿನ್‌ಗೆ ಬದಲಿಸಬೇಕೆಂದು ಯಾರೂ ಹೇಳಿಕೊಡಲಿಲ್ಲ. ಪಿಯುನಲ್ಲಿ ಕೆಮಿಸ್ಟ್ರಿಯವರೂ ಫಿಸಿಕ್ಸ್‌ನವರೂ ಕಲಿಸುವ ಅದೇ ಅನಿಲ ನಿಯಮ. ಪೆನ್ಸಿಲ್ ಕಚ್ಚುತ್ತ ಭಾಗಿಸಿ, ಗುಣಿಸಿ, 1.12 ಎಂದು ಬರೆದಳು. ಗೆಳೆಯ ಹಿಂದಿನ ದಿನದ ರಿಜಿಸ್ಟರ್ ತೆರೆದು ತೋರಿಸಿದ, ಅಲ್ಲೂ 1.12. ಹಾಳೆಯನ್ನು ವಾಪಸ್ ಕೊಡದೆ ಅವಳು ಅದನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಓದಿ ನೋಡ್ಲಾ? ಮುಳ್ಳು 912ಕ್ಕಿಂತ ಒಂಚೂರು ಆಚೆ ಇತ್ತು ಅನ್ಸತ್ತೆ" ಎಂದು ಮತ್ತೆ ಗೋಡೆಯ ಹತ್ತಿರ ಹೋದಳು.